ಪಿತ್ತ ಅಲ್ಲ, ಕಿವಿಯ ಹರಳು

ಮೆಣಸು ಕೊಯ್ಯುವ ದಿನಗಳಲ್ಲಿ ಯಾರೂ ನೆಲ ನೋಡುವುದಿಲ್ಲ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ ಗೊಂಚಲು ಎಲ್ಲಿದೆ ಎಂದು ಕತ್ತು ಹಿಂದಕ್ಕೆ ವಾಲಿಸಿ ಮೇಲೆಯೇ ನೋಡುತ್ತಿರಬೇಕು. ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿಯುತ್ತಾ ಬಂದಂತೆ ಒಳ್ಳೆಮೆಣಸಿನ ಸರದಿ. ಒಂದು ವರ್ಷ ಹಾಗೆ ಮರದ ಬುಡದಲ್ಲಿ ನಿಂತು, ಏಣಿ ಮೇಲಿದ್ದವನಿಗೆ "ಅಗೋ ಅಲ್ಲಿ ಬಿಟ್ಟೆ ನೋಡು" ಎಂದು ಕೈ ತೋರಿಸುತ್ತಿದ್ದ ನಮ್ಮ ದೊಡ್ಡಮ್ಮ ಇದ್ದಕ್ಕಿದ್ದಂತೆ ಕುಸಿದು ಕೂತರು. ಇಡೀ ತೋಟ ಗಿರ್ರನೆ ತಿರುಗಿತಂತೆ. ಅರ್ಧ ನಿಮಿಷ ಅಷ್ಟೇ. ಆಮೇಲೆ ಏನೂ ಆಗದವರಂತೆ ಎದ್ದು ಸೆರಗು ಕೊಡವಿಕೊಂಡರು.

ಅವತ್ತು ರಾತ್ರಿ ಹಾಸಿಗೆಯಲ್ಲಿ ಗೋಡೆ ಕಡೆಗೆ ಹೊರಳಿದಾಗ ಮತ್ತೆ ಅದೇ. ಮಂಚವೇ ಮಗುಚಿದ ಹಾಗೆ. ಬೆಳಿಗ್ಗೆ ಏಳುವಾಗ ಇನ್ನೊಮ್ಮೆ, ಜೊತೆಗೆ ವಾಂತಿ.

ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. ಪಿತ್ತ ಜಾಸ್ತಿಯಾಗಿದೆ, ಪುನರ್ಪುಳಿ ಶರಬತ್ತು ಕುಡಿಯಿರಿ. ನೆತ್ತಿಗೆ ನಿಂಬೆಹಣ್ಣು ತಿಕ್ಕಿ. ರಕ್ತ ಕಮ್ಮಿ ಇರಬೇಕು. ಒಂದು ಕ್ಲಿನಿಕ್ಕಿನಲ್ಲಿ ಬಿಪಿ ನೋಡಿದರು, ಸರಿ ಇತ್ತು. ಇನ್ನೊಂದು ಕಡೆ ಕುತ್ತಿಗೆಯ ಎಕ್ಸ್‌ರೇ ತೆಗೆದು, ಮೂಳೆ ಸವೆದಿದೆ ಎಂದು ಬೆಲ್ಟ್ ಹಾಕಿ ಕಳಿಸಿದರು. ಅರವತ್ತು ದಾಟಿದ ಯಾರ ಕುತ್ತಿಗೆಯ ಎಕ್ಸ್‌ರೇ ತೆಗೆದರೂ ಸವೆತ ಕಾಣುವ ಸಂಭವವೇ ಹೆಚ್ಚು. ತಲೆ ಸುತ್ತದೆ ಆರಾಮಾಗಿ ಇರುವವರ ಕುತ್ತಿಗೆಯೂ ಹಾಗೇ ಇರುತ್ತದೆ, ಅಲ್ವಾ?

ಕೊನೆಗೆ ಕಿವಿ-ಮೂಗು-ಗಂಟಲಿನ ಡಾಕ್ಟರೊಬ್ಬರು ಒಂದೇ ಪ್ರಶ್ನೆ ಕೇಳಿದರು. "ಅಮ್ಮಾ, ಯಾವ ಕಡೆ ಹೊರಳಿದಾಗ?"

"ಗೋಡೆ ಕಡೆ," ಅಂದರು ದೊಡ್ಡಮ್ಮ.

ಡಾಕ್ಟರು ನಕ್ಕು, ಅವರನ್ನು ಮಂಚದ ಮೇಲೆ ಕೂರಿಸಿ, ಮುಖ ಬಲಕ್ಕೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಬೀಳುವ ಹಾಗೆ ಸರಕ್ಕನೆ ಮಲಗಿಸಿದರು. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ದೊಡ್ಡಮ್ಮನ ಕಣ್ಣುಗುಡ್ಡೆಗಳು ತಮ್ಮಷ್ಟಕ್ಕೆ ಪಟಪಟ ತಿರುಗತೊಡಗಿದವು. ಪಕ್ಕದಲ್ಲಿ ನಿಂತಿದ್ದ ನನಗೆ ಹೆದರಿಕೆಯಾಯಿತು. ಡಾಕ್ಟರಿಗೆ ಮಾತ್ರ ಖುಷಿ. ಅವರು ಹುಡುಕುತ್ತಿದ್ದದ್ದು ಅದನ್ನೇ.

ನಮ್ಮ ಕಿವಿಗೆ ಕೇಳುವುದೊಂದೇ ಕೆಲಸವಲ್ಲ. ಒಳಗಿವಿಯಲ್ಲಿ ಬಳೆಯಂತೆ ಬಾಗಿದ ಮೂರು ಸಣ್ಣ ಕೊಳವೆಗಳಿವೆ. ಮೂರೂ ಬೇರೆ ಬೇರೆ ದಿಕ್ಕಿಗೆ ನಿಂತಿವೆ, ಒಳಗೆ ದ್ರವ ತುಂಬಿದೆ. ತಲೆ ತಿರುಗಿಸಿದಾಗ ಈ ದ್ರವ ಒಂದು ಕ್ಷಣ ಹಿಂದೆ ಉಳಿದು, ಕೊಳವೆಯ ಬುಡದಲ್ಲಿರುವ ಮೆತ್ತನೆಯ ಪರದೆಯನ್ನು ಬಾಗಿಸುತ್ತದೆ. ತಲೆ ಯಾವ ಕಡೆ, ಎಷ್ಟು ವೇಗವಾಗಿ ತಿರುಗಿತು ಎಂಬ ಸುದ್ದಿ ಮಿದುಳಿಗೆ ಹೋಗುವುದು ಹೀಗೆ. ಕೊಳವೆಗಳ ಪಕ್ಕದಲ್ಲೇ ಒಂದು ಚೀಲವಿದೆ. ಅದರೊಳಗಿನ ಅಂಟು ಹಾಸಿನ ಮೇಲೆ ಸಾವಿರಾರು ಸೂಕ್ಷ್ಮ ಹರಳುಗಳು ಕೂತಿರುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳು, ಎಂದರೆ ಸೀಮೆಸುಣ್ಣದ ಕಲ್ಲಿನಲ್ಲಿರುವುದೇ. ನೆಲ ಯಾವ ಕಡೆ ಇದೆ ಎಂದು ಹೇಳುವುದು ಇವುಗಳ ಭಾರ.

ವಯಸ್ಸಾದಂತೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದಾಗ, ಕೆಲವು ಹರಳು ಕಳಚಿಕೊಂಡು ಕೊಳವೆಯೊಳಗೆ ಜಾರುತ್ತವೆ. ಹೆಚ್ಚಿನ ಸಲ ಹಿಂಬದಿಯ ಕೊಳವೆಗೆ, ಏಕೆಂದರೆ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ಅದೇ. ಆಮೇಲೆ ಮೇಲೆ ನೋಡಿದರೆ, ಮಲಗಿದರೆ, ಹೊರಳಿದರೆ ಈ ಪುಡಿ ಉರುಳಿ ದ್ರವವನ್ನೂ ಎಳೆದುಕೊಂಡು ಹೋಗುತ್ತದೆ. ತಲೆ ನಿಂತಿದ್ದರೂ ಆ ಕಿವಿ 'ತಿರುಗುತ್ತಿದ್ದೇವೆ' ಎನ್ನುತ್ತದೆ, ಕಣ್ಣು 'ಇಲ್ಲ' ಎನ್ನುತ್ತದೆ. ಹರಳು ತಳ ಸೇರಿದ ಮೇಲೆ ಎಲ್ಲ ಶಾಂತ. ಅದಕ್ಕೇ ಒಂದು ನಿಮಿಷದೊಳಗೆ ಸುತ್ತು ನಿಲ್ಲುವುದು. ಡಾಕ್ಟರುಗಳು ಈ ಕಾಯಿಲೆಯನ್ನು ಬಿಪಿಪಿವಿ ಎಂದು ಕರೆಯುತ್ತಾರೆ. ಬಿಪಿಗೂ ಇದಕ್ಕೂ ಸಂಬಂಧವಿಲ್ಲ, ಹೆಸರು ಹಾಗೆ ಕೇಳಿಸುತ್ತದೆ ಅಷ್ಟೆ. ಈ ಹೆಸರು ಕೇಳಿ ಉಪ್ಪು ಬಿಟ್ಟವರೂ ನಮ್ಮೂರಲ್ಲಿದ್ದಾರೆ.

ಕಿವಿಗೂ ತಲೆಸುತ್ತಿಗೂ ಇರುವ ನಂಟನ್ನು ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸಿದವರಲ್ಲಿ ದೊಡ್ಡ ಹೆಸರು ವಿಯೆನ್ನಾದ ರಾಬರ್ಟ್ ಬಾರಾನಿ. ಕಿವಿ ತೊಳೆಯಲು ನೀರು ಬಿಟ್ಟಾಗ ಕೆಲವರು ತಲೆ ಸುತ್ತುತ್ತದೆ ಎನ್ನುತ್ತಿದ್ದರು, ಅವರ ಕಣ್ಣುಗಳು ಅಲುಗಾಡುತ್ತಿದ್ದವು. ತಣ್ಣೀರು ಬಿಟ್ಟರೆ ಕಣ್ಣು ಒಂದು ಕಡೆಗೆ, ಬಿಸಿನೀರು ಬಿಟ್ಟರೆ ಅದರ ಎದುರು ಕಡೆಗೆ. ಬಚ್ಚಲಿನ ಹಂಡೆ ನೆನಪಿಸಿಕೊಳ್ಳಿ. ಬಿಸಿಯಾದ ನೀರು ಮೇಲೆ ಏರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಕಿವಿಯ ಕೊಳವೆಯೊಳಗೂ ಅದೇ ಆಗುತ್ತಿದೆ ಎಂದರು ಬಾರಾನಿ. 1914ರ ನೊಬೆಲ್ ಅವರಿಗೆ ಬಂತು. ಸುದ್ದಿ ತಲುಪುವಾಗ ಅವರು ರಷ್ಯನ್ನರ ಯುದ್ಧಕೈದಿಗಳ ಶಿಬಿರದಲ್ಲಿದ್ದರು. ಸ್ವೀಡನ್ನಿನ ರಾಜಕುಮಾರ ಮಧ್ಯೆ ಬಂದು ಬಿಡಿಸಿಕೊಂಡ ಮೇಲೆ, 1916ರಲ್ಲಿ ಬಹುಮಾನ ಕೈಗೆ ಸಿಕ್ಕಿತು. ಆದರೆ ಹಂಡೆಯ ಲೆಕ್ಕ ಪೂರ್ತಿ ಸರಿಯಲ್ಲ. 1983ರಲ್ಲಿ ಸ್ಪೇಸ್‌ಲ್ಯಾಬ್ ಯಾತ್ರೆಯಲ್ಲಿ, ಏರುವುದು ಇಳಿಯುವುದು ಎಂಬುದೇ ಇಲ್ಲದ ಕಡೆ, ಗಗನಯಾತ್ರಿಗಳ ಕಿವಿಗೆ ಬಿಸಿ ತಾಗಿಸಿ ನೋಡಿದರು. ಅಲ್ಲೂ ಕಣ್ಣು ಅಲುಗಾಡಿತು! ನೊಬೆಲ್ ಬಂದ ವಿವರಣೆಗೂ ಬಾಕಿ ಲೆಕ್ಕ ಇರುತ್ತದೆ.

ಮಲಗಿದಾಗ ಹೊರಳಿದಾಗ ಬರುವ ಈ ತಲೆಸುತ್ತನ್ನು ಬಾರಾನಿಯವರೇ 1921ರಲ್ಲಿ ವಿವರಿಸಿದ್ದರು. 1952ರಲ್ಲಿ ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ ಅದನ್ನು ಪತ್ತೆ ಮಾಡುವ ಪರೀಕ್ಷೆ ಕೊಟ್ಟರು. ದೊಡ್ಡಮ್ಮನನ್ನು ಸರಕ್ಕನೆ ಮಲಗಿಸಿದ್ದು ಅದೇ ಪರೀಕ್ಷೆ. ಪತ್ತೆಯೇನೋ ಆಯಿತು. ಚಿಕಿತ್ಸೆ?

ಅದಕ್ಕೆ ಅಮೆರಿಕದ ಆರೆಗನ್ನಿನ ಜಾನ್ ಎಪ್ಲಿ ಬರಬೇಕಾಯಿತು. ಎಪ್ಲಿಯವರ ಯೋಚನೆ ತೀರಾ ಸರಳ. ಸ್ಪ್ರಿಂಕ್ಲರ್ ಪೈಪಿನ ಬಾಗಿದ ತುಂಡಿನಲ್ಲಿ ಕಲ್ಲು ಸಿಕ್ಕಿಕೊಂಡರೆ ತೋಟದಲ್ಲಿ ನಾವೇನು ಮಾಡುತ್ತೇವೆ? ಪೈಪನ್ನೇ ಹಂತ ಹಂತವಾಗಿ ತಿರುಗಿಸಿ ಕಲ್ಲನ್ನು ಬಾಯಿಯವರೆಗೆ ಉರುಳಿಸುತ್ತೇವೆ. ಇಲ್ಲಿ ಪೈಪು ತಲೆಯೊಳಗಿದೆ, ಹಾಗಾಗಿ ತಲೆಯನ್ನೇ ತಿರುಗಿಸಬೇಕು. ಹರಳು ಜಾರಿದ ಕಿವಿಯ ಕಡೆಗೆ ಮುಖ ಮಾಡಿ ಹಿಂದಕ್ಕೆ ಮಲಗಿಸುವುದು, ಸುತ್ತು ನಿಲ್ಲುವ ತನಕ ಕಾಯುವುದು, ಮುಖವನ್ನು ನಿಧಾನ ಇನ್ನೊಂದು ಕಡೆಗೆ ತಿರುಗಿಸುವುದು, ಮೈಯನ್ನೂ ಅದೇ ಕಡೆ ಹೊರಳಿಸಿ ನೆಲ ನೋಡಿಸುವುದು, ಆಮೇಲೆ ಎಬ್ಬಿಸಿ ಕೂರಿಸುವುದು. ಹರಳು ಮೊದಲಿದ್ದ ಚೀಲಕ್ಕೆ ವಾಪಸ್. ಐದಾರು ನಿಮಿಷದ ಕೆಲಸ. ಔಷಧಿ ಇಲ್ಲ, ಸೂಜಿ ಇಲ್ಲ.

1980ರಲ್ಲಿ ಎಪ್ಲಿ ವೈದ್ಯರ ಸಮ್ಮೇಳನವೊಂದರಲ್ಲಿ ಇದನ್ನು ತೋರಿಸಿದಾಗ ನಂಬಿದವರು ಕಡಿಮೆ. ಲೇಖನ ಅಚ್ಚಾಗಲು 1992ರ ತನಕ ಕಾಯಬೇಕಾಯಿತು. ಈ ಕಥೆಯನ್ನು ಸಾಮಾನ್ಯವಾಗಿ 'ಮೇಧಾವಿಯನ್ನು ಮೂರ್ಖರು ಗೇಲಿ ಮಾಡಿದರು' ಎಂಬ ಧಾಟಿಯಲ್ಲಿ ಹೇಳುತ್ತಾರೆ. ನನಗೆ ಅದು ಅಷ್ಟು ಸರಿಯೆನಿಸುವುದಿಲ್ಲ. ನಂಬದವರ ವರ್ತನೆ ಒರಟೇ ಇದ್ದಿರಬಹುದು. ಆದರೆ ಅನುಮಾನಕ್ಕೆ ಕಾರಣ ಇತ್ತು. 1992ರ ಲೇಖನದಲ್ಲಿದ್ದದ್ದು 30 ರೋಗಿಗಳು. ಅವರಿಗೆಲ್ಲ ಚಿಕಿತ್ಸೆ ಆಗಿತ್ತು, ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ. ಈ ಕಾಯಿಲೆ ಎಷ್ಟೋ ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಿರುವಾಗ ವಾಸಿ ಮಾಡಿದ್ದು ಡಾಕ್ಟರ ಕೈಯೋ, ದಿನ ಕಳೆದದ್ದೋ?

ಇದೇ ಪ್ರಶ್ನೆಯನ್ನು ನಿಂಬೆಹಣ್ಣಿಗೂ ಕೇಳಬೇಕು. ನಿಂಬೆ ತಿಕ್ಕಿದ ಮೂರು ವಾರಕ್ಕೆ ಸುತ್ತು ಹೋಯಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಹೋದದ್ದು ನಿಜ. ನಿಂಬೆಯಿಂದ ಹೋಯಿತು ಎನ್ನುವುದಕ್ಕೆ ಮಾತ್ರ ಸಾಕ್ಷಿ ಇಲ್ಲ. ಬೆಲ್ಟಿಗೂ ಅದೇ ಮಾತು.

ಹಾಗಾದರೆ ಎಪ್ಲಿ ವಿಧಾನವನ್ನು ಒರೆಗೆ ಹಚ್ಚುವುದು ಹೇಗೆ? ಮಾತ್ರೆಯಾದರೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಡಬಹುದು. ತಲೆ ತಿರುಗಿಸುವುದಕ್ಕೆ ಹುಸಿ ಎಲ್ಲಿಂದ ತರುವುದು? ಸಂಶೋಧಕರು ಇದಕ್ಕೆ ಕಂಡುಕೊಂಡ ಉಪಾಯಗಳಲ್ಲಿ ಒಂದು ನನಗೆ ತುಂಬಾ ಇಷ್ಟ. ಅದೇ ಚಿಕಿತ್ಸೆ, ಆದರೆ ಸರಿ ಇರುವ ಕಿವಿಗೆ! ಮಲಗಿಸುವುದು, ತಿರುಗಿಸುವುದು, ಕೂರಿಸುವುದು ಎಲ್ಲವೂ ಹಾಗೇ. ತನಗೆ ಆದದ್ದು ಅಸಲೋ ಹುಸಿಯೋ ಎಂದು ರೋಗಿಗೆ ತಿಳಿಯುವುದಿಲ್ಲ. ಜರ್ಮನಿಯಲ್ಲಿ 66 ಜನರನ್ನು ಹೀಗೆ ಎರಡು ಗುಂಪು ಮಾಡಿ ಮರುದಿನ ನೋಡಿದಾಗ, ಅಸಲಿ ಚಿಕಿತ್ಸೆಯಾದವರಲ್ಲಿ ನೂರಕ್ಕೆ 80 ಜನ ಗುಣವಾಗಿದ್ದರು. ಹುಸಿಯಾದವರಲ್ಲಿ ನೂರಕ್ಕೆ 10. ಇದು 2006ರ ಮಾತು. ಕಾದಿದ್ದು ಒಂದೇ ದಿನ, ಹಾಗಾಗಿ 'ತಾನಾಗಿ ಹೋಯಿತು' ಎಂಬ ವಾದಕ್ಕೆ ಜಾಗ ಇರಲಿಲ್ಲ. ಕಾಕ್ರೇನ್ ಸಂಸ್ಥೆ 2014ರಲ್ಲಿ ಇಂಥ 11 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು, 745 ರೋಗಿಗಳು. ಅಲ್ಲಿ ಅಂತರ ಇಷ್ಟು ನಾಟಕೀಯವಾಗಿರಲಿಲ್ಲ. ತಲೆಸುತ್ತು ಪೂರ್ತಿ ಹೋದವರು ಒಂದು ಕಡೆ ನೂರಕ್ಕೆ 56, ಇನ್ನೊಂದು ಕಡೆ 21. ಆದರೂ ಎಪ್ಲಿ ಗೆದ್ದರು. ಆ 21ನ್ನೂ ಮರೆಯಬೇಡಿ, ನಮ್ಮ ಪುನರ್ಪುಳಿಯ ಖ್ಯಾತಿ ಉಳಿದಿರುವುದು ಅದರಲ್ಲೇ.

ಮಾತ್ರೆಗಳ ಕಥೆ ಬೇರೆ. ತಲೆಸುತ್ತು ಎಂದ ಕೂಡಲೇ ನಮ್ಮ ಕಡೆ ಚೀಟಿಯಲ್ಲಿ ಬರುವುದು ಬೀಟಾಹಿಸ್ಟಿನ್. ಇದರ ಮುಖ್ಯ ಬಳಕೆ ಮೆನಿಯರ್ ಎಂಬ ಇನ್ನೊಂದು ಕಿವಿಯ ಕಾಯಿಲೆಗೆ. ಅದರಲ್ಲಿ ಸುತ್ತು ಗಂಟೆಗಟ್ಟಲೆ ಇರುತ್ತದೆ, ಕಿವಿ ಮೊರೆಯುತ್ತದೆ, ಕೇಳುವುದೂ ಕಡಿಮೆಯಾಗುತ್ತದೆ. ಆ ಕಾಯಿಲೆಯಲ್ಲೇ ಇದನ್ನು ಜರ್ಮನಿಯಲ್ಲಿ 221 ಜನರ ಮೇಲೆ ಒಂಬತ್ತು ತಿಂಗಳು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಕಡಿಮೆ ಪ್ರಮಾಣ, ಒಂದಕ್ಕೆ ಹೆಚ್ಚು, ಒಂದಕ್ಕೆ ಹುಸಿ ಮಾತ್ರೆ. ಮೂರೂ ಗುಂಪಿನಲ್ಲಿ ಸುತ್ತು ಕಡಿಮೆಯಾಯಿತು, ಹೆಚ್ಚುಕಡಿಮೆ ಒಂದೇ ಸಮನಾಗಿ. ಹುಸಿ ಗುಂಪು ಇರದೆ ಹೋಗಿದ್ದರೆ ಆ ಪ್ರಯೋಗ ಮಾತ್ರೆಯ ಜಾಹೀರಾತು ಆಗಿಬಿಡುತ್ತಿತ್ತು. ಹರಳು ಜಾರಿದವರಿಗೆ ಸುತ್ತು ಅಡಗಿಸುವ ಮಾತ್ರೆಗಳನ್ನು ವಾಡಿಕೆಯಾಗಿ ಬರೆಯಬೇಡಿ ಎಂದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ 2017ರ ಮಾರ್ಗಸೂಚಿ ಹೇಳುತ್ತದೆ. ಅದು ಸಹಜವೇ. ಉರುಳುವ ಕಲ್ಲಿಗೆ ಮಾತ್ರೆ ಏನು ಮಾಡೀತು?

ಎಪ್ಲಿಯವರದ್ದು ಶಾಶ್ವತ ಪರಿಹಾರವಲ್ಲ. ಐದು ವರ್ಷದೊಳಗೆ ಅರ್ಧದಷ್ಟು ಜನರಿಗೆ ಮತ್ತೆ ಬರುತ್ತದೆ. ಇಲ್ಲಿ ಕೊರಿಯಾದವರ 2020ರ ಪ್ರಯೋಗವೊಂದು ಕುತೂಹಲದ್ದು. ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇದ್ದ ರೋಗಿಗಳಿಗೆ ಒಂದು ವರ್ಷ ವಿಟಮಿನ್ ಡಿ, ಕ್ಯಾಲ್ಸಿಯಂ ಕೊಟ್ಟರು. ಮರುಕಳಿಸುವುದು ನೂರಕ್ಕೆ 24ರಷ್ಟು ಕಡಿಮೆಯಾಯಿತು. ಹರಳು ಕ್ಯಾಲ್ಸಿಯಂನದ್ದೇ ಆದ್ದರಿಂದ ಇದು ಹೊಂದುತ್ತದೆ. ಆದರೆ ಎದುರು ಗುಂಪಿಗೆ ಹುಸಿ ಮಾತ್ರೆ ಕೊಟ್ಟಿರಲಿಲ್ಲ, ಆ ಒಂದು ಕೊರತೆ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ನೋಡುವ ನಮಗೆ ಓದುವಾಗ ಕಿವಿ ನೆಟ್ಟಗಾಗುತ್ತದೆ. ಹಾಗೆಂದು ಪರೀಕ್ಷೆ ಮಾಡಿಸದೆ ವಿಟಮಿನ್ ಡಿ ನುಂಗುತ್ತಾ ಹೋಗಬೇಡಿ, ಅದು ಜಾಸ್ತಿಯಾದರೂ ತೊಂದರೆ.

ಎಲ್ಲ ತಲೆಸುತ್ತೂ ಹರಳಲ್ಲ. ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಒಂದು ಕಡೆಯ ಕೈಕಾಲು ಸೋತರೆ, ನಿಲ್ಲಲಾಗದ ಹಾಗೆ ಓಲಾಡಿದರೆ ಅದು ಮಿದುಳಿನ ಪಾರ್ಶ್ವವಾಯು ಇರಬಹುದು. ಆಗ ಶರಬತ್ತಿಗೆ ಕಾಯಬಾರದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಮಳೆಗಾಲದಲ್ಲಿ ಅದು ಇನ್ನೂ ದೂರ. ಹತ್ತಿರದ ದೊಡ್ಡ ಆಸ್ಪತ್ರೆಗೆ ಮೊದಲು ಹೋಗಬೇಕು.

ಯೂಟ್ಯೂಬ್ ನೋಡಿ ಎಪ್ಲಿ ಮಾಡಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಕುತ್ತಿಗೆ ನೋವು ಇರುವವರು ಬೇಡ. ಉಳಿದವರೂ ಮೊದಲ ಸಲ ಡಾಕ್ಟರ ಕೈಯಲ್ಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಯಾವ ಕಿವಿ, ಯಾವ ಕೊಳವೆ ಎಂದು ಗೊತ್ತಾಗದೆ ಮಾಡಿದರೆ ಅದು ಜರ್ಮನಿಯ ಹುಸಿ ಗುಂಪಿನ ಚಿಕಿತ್ಸೆಯೇ ಆಗುತ್ತದೆ.

ದೊಡ್ಡಮ್ಮನಿಗೆ ಎರಡು ವರ್ಷದ ಮೇಲೆ ಮತ್ತೆ ಬಂತು. ಈ ಸಲ ಅವರಿಗೆ ಭಯವೇ ಇರಲಿಲ್ಲ. ಡಾಕ್ಟರ ಮುಂದೆ ಕೂತು, "ಹಳೇದೇ, ಗೋಡೆ ಕಡೆದು," ಅಂದರು. ಡಾಕ್ಟರು ಬಲಕ್ಕೆ ಮಲಗಿಸಿದರು. ಕಣ್ಣು ಸುಮ್ಮನಿತ್ತು. ಎಡಕ್ಕೆ ಮಲಗಿಸಿದಾಗ ಪಟಪಟ ಶುರುವಾಯಿತು. ಮಳೆಗೆ ಸೋರುತ್ತದೆ ಎಂದು ಆ ವರ್ಷ ನಾವು ಮಂಚವನ್ನು ಎದುರು ಗೋಡೆಗೆ ಸರಿಸಿದ್ದೆವು.