ಪೇರಿಂಗ್ ಚಾಕು: ಆರಿಸುವುದು, ಮಸೆಯುವುದು, ಉಳಿಸಿಕೊಳ್ಳುವುದು

ಕೇಟರಿಂಗ್‌ಗೆ ಹೊಸದಾಗಿ ಸೇರಿದವರು ಕಿಟ್ ಕೊಳ್ಳಲು ಹುಬ್ಬಳ್ಳಿಯ ದುರ್ಗದಬೈಲಿಗೋ ಧಾರವಾಡದ ಸೂಪರ್ ಮಾರ್ಕೆಟ್ಟಿಗೋ ಹೋದರೆ ದೊಡ್ಡ ಶೆಫ್ ಚಾಕುವನ್ನು ಹತ್ತು ಸಲ ತಿರುವಿ ಹಾಕಿ ನೋಡುತ್ತಾರೆ. ಸಣ್ಣ ಚಾಕುವಿನ ಸರದಿ ಬಂದಾಗ ಅಂಗಡಿಯವರು ಕೊಟ್ಟದ್ದೇ ಚೀಲಕ್ಕೆ. ಪ್ರಾಕ್ಟಿಕಲ್ ಶುರುವಾದ ಮೇಲೆ ಹೆಚ್ಚು ಹೊತ್ತು ಕೈಯಲ್ಲಿರುವುದು ಆ ಸಣ್ಣದೇ, ಅಂದರೆ ಪೇರಿಂಗ್ ಚಾಕು. ಅದಕ್ಕಾಗಿ ಈ ಟಿಪ್ಪಣಿ. ಪರೀಕ್ಷೆಗೆ ಬೇಕಾದ ಅಂಕಿಗಳೂ ಇವೆ, ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಕೆಲವು ಸಂಗತಿಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಇದರ ಕೆಲಸ

ಪೇರಿಂಗ್ ಚಾಕುವಿನ ಅಲಗು ಸಾಮಾನ್ಯವಾಗಿ 3ರಿಂದ 4 ಇಂಚು, ಅಂದರೆ 7.5ರಿಂದ 10 ಸೆಂ.ಮೀ. ಹಲಗೆಯ ಮೇಲೆ ರಾಶಿ ಹೆಚ್ಚಲು ಇದು ಬೇಡ. ಕಾಯಿಯನ್ನು ಎಡಗೈಯಲ್ಲಿ ಹಿಡಿದು ಮಾಡುವ ಕೆಲಸಗಳಿವೆಯಲ್ಲ, ಸಿಪ್ಪೆ ತೆಗೆಯುವುದು, ಆಲೂಗಡ್ಡೆಯ ಕಣ್ಣು ಕೀಳುವುದು, ಟೊಮೆಟೊ ತೊಟ್ಟು ಕೊರೆಯುವುದು, ಅವುಗಳಿಗೆ ಇದು. ಮನೆಯಲ್ಲಿ ಈಳಿಗೆ ಮುಂದೆ ಕೂತು ಅಭ್ಯಾಸವಿದ್ದವರಿಗೆ ಇದು ಬೇಗ ಕೈಹತ್ತುತ್ತದೆ. ಈಳಿಗೆಯಲ್ಲಿ ಅಲಗು ನಿಂತಿರುತ್ತದೆ, ಕಾಯಿ ಸರಿಯುತ್ತದೆ. ಇಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ: ಚಾಕು ಅಂಗುಲದಷ್ಟೂ ಓಡಾಡುವುದಿಲ್ಲ, ಎಡಗೈ ಕಾಯಿಯನ್ನು ತಿರುಗಿಸುತ್ತಾ ಚಾಕುವಿನ ಬಾಯಿಗೆ, ಅಂದರೆ ಕೊಯ್ಯುವ ಅಂಚಿಗೆ, ಒಡ್ಡುತ್ತದೆ. ಬಲಗೈ ಹೆಬ್ಬೆರಳು ಮಾತ್ರ ಅಲಗಿನ ದಾರಿಗೆ ಅಡ್ಡ ಬರದಂತೆ ಕಾಯಿಯ ಮೇಲೆ, ಸ್ವಲ್ಪ ಕೆಳಗೆ ಊರಿರಬೇಕು.

ಎಣ್ಣೆಗಾಯಿಗೆ ಮುಳಗಾಯಿ (ಬದನೆಕಾಯಿ) ಸೀಳುವುದನ್ನು ನೋಡಿದರೆ ಚಾಕುವಿನ ಗುಣ ಪೂರ್ತಿ ತಿಳಿಯುತ್ತದೆ. ತೊಟ್ಟನ್ನು ಉಳಿಸಿಕೊಂಡು ಅದರ ಸುತ್ತಲಿನ ಮುಳ್ಳನ್ನಷ್ಟೇ ಸವರಿ, ಬುಡದಿಂದ ಪ್ಲಸ್ ಆಕಾರಕ್ಕೆ ಕೊಯ್ದು, ತೊಟ್ಟಿಗೆ ಒಂದು ಬೆರಳು ಇರುವಾಗ ನಿಲ್ಲಿಸಬೇಕು. ಬಾಯಿ ತೆಳುವಿದ್ದರೆ ಎಲ್ಲಿ ಬೇಕೋ ಅಲ್ಲಿ ಕೊಯ್ತ ನಿಲ್ಲುತ್ತದೆ. ದಪ್ಪವಿದ್ದರೆ ಅಲಗು ಬೆಣೆಯಾಗಿ ಒಳಗೆ ನುಗ್ಗಿ, ನೀವು ನಿಲ್ಲಿಸಿದರೂ ಬಿರುಕು ಮುಂದೆ ಓಡಿ ತೊಟ್ಟಿನವರೆಗೂ ಹೋಗುತ್ತದೆ. ಆಮೇಲೆ ಗುರೆಳ್ಳು, ಶೇಂಗಾ ಮಸಾಲೆ ತುಂಬಿ ಬಾಣಲೆಗೆ ಬಿಟ್ಟರೆ ನಾಲ್ಕು ಹೋಳು ನಾಲ್ಕು ದಿಕ್ಕಿಗೆ. ಲ್ಯಾಬಿನಲ್ಲಿ ಹಿರಿಯ ಅಡುಗೆಯವರು ಪದೇ ಪದೇ ಹೇಳುವ ಮಾತು ಇದೇ: "ತಮ್ಮಾ, ಕಾಯಿ ಹರೀಬ್ಯಾಡೋ, ಕೊಯ್ಯಿ." ಹರಿಯುವುದೋ ಕೊಯ್ಯುವುದೋ ಎಂಬುದು ಮುಕ್ಕಾಲು ಪಾಲು ಬಾಯಿಯ ತೆಳುವಿನಲ್ಲಿದೆ. ಮುಂದಿನ ಎಲ್ಲ ಆಯ್ಕೆಯೂ, ಆರೈಕೆಯೂ ಈ ತೆಳುವನ್ನು ಸಂಪಾದಿಸಿ ಕಾಪಾಡಿಕೊಳ್ಳುವುದಕ್ಕೇ.

ಆಕಾರದಲ್ಲಿ ಮೂರು ಬಗೆ ಕೇಳುತ್ತಾರೆ. ತುದಿ ಚೂಪಾಗಿ ಬೆನ್ನು ಸ್ವಲ್ಪ ಬಾಗಿದ ಸ್ಪಿಯರ್ ಪಾಯಿಂಟ್ ಎಲ್ಲ ಕೆಲಸಕ್ಕೂ ಆಗುತ್ತದೆ. ಬಾಯಿ ನೇರವಾಗಿದ್ದು ಬೆನ್ನು ತುದಿಯಲ್ಲಿ ಕೆಳಗಿಳಿದರೆ ಶೀಪ್ಸ್ ಫೂಟ್. ಕೊಕ್ಕಿನ ಹಾಗೆ ಒಳಗೆ ಬಾಗಿದ್ದು ಬರ್ಡ್ಸ್ ಬೀಕ್, ತರಕಾರಿಯನ್ನು ಪೀಪಾಯಿ ಆಕಾರಕ್ಕೆ ತರುವ ಟೂರ್ನೆ ಕೊಯ್ತಕ್ಕೆ. ಮೊದಲ ಚಾಕುವಾಗಿ ಸ್ಪಿಯರ್ ಪಾಯಿಂಟ್ ಕೊಳ್ಳಿ. ಬಾಗಿದ್ದನ್ನು ಚಪ್ಪಟೆ ಕಲ್ಲಿನ ಮೇಲೆ ಮಸೆಯುವುದು ಕಲಿಯುವವರಿಗೆ ತಲೆನೋವು.

ಅಂಗಡಿಯಲ್ಲಿ ಏನು ನೋಡಬೇಕು

ಚಾಕುವನ್ನು ಬುಡದ ಕಡೆಯಿಂದ, ಒಂದು ಕಣ್ಣು ಮುಚ್ಚಿ, ಉದ್ದಕ್ಕೆ ನೋಡಿ. ಅಲಗು ಬೆನ್ನಿನಿಂದ ಬಾಯಿಯವರೆಗೆ ಒಂದೇ ಸಮನೆ ಸಣ್ಣಗಾಗುತ್ತಾ ಬರಬೇಕು. ಕೆಲವು ಅಗ್ಗದ ಚಾಕುಗಳಲ್ಲಿ ಇಡೀ ಅಲಗು ಒಂದೇ ದಪ್ಪ ಇದ್ದು ಕಟ್ಟಕಡೆಗೆ ಎರಡು ಮಿಲಿಮೀಟರಿನಲ್ಲಿ ಮಾತ್ರ ಉಜ್ಜಿ ಬಾಯಿ ಮಾಡಿರುತ್ತಾರೆ. ಹೊಸದರಲ್ಲಿ ಅದೂ ಹರಿತವೇ. ಎರಡು ಸಲ ಮಸೆದ ಮೇಲೆ ಬಾಯಿ ದಪ್ಪದ ಭಾಗಕ್ಕೆ ಸರಿದು ಕೆಲಸ ಕೆಡುತ್ತದೆ. ಬೆನ್ನು ಒಂದೂವರೆ ಮಿಲಿಮೀಟರಿನ ಆಸುಪಾಸು ಇದ್ದರೆ ಈ ಅಳತೆಯ ಚಾಕುವಿಗೆ ಧಾರಾಳವಾಯಿತು.

ಫೋರ್ಜ್ ಮಾಡಿದ್ದು, ಅಂದರೆ ಉಕ್ಕನ್ನು ಕಾಯಿಸಿ ಬಡಿದು ಮಾಡಿದ್ದು ಶ್ರೇಷ್ಠ, ಹಾಳೆಯಿಂದ ಕತ್ತರಿಸಿದ್ದು ಕೀಳು ಎಂದು ಹಲವರು ಬರೆದುಕೊಂಡಿರುತ್ತಾರೆ. ದೊಡ್ಡ ಚಾಕುವಿನ ವಿಷಯದಲ್ಲಿ ಚರ್ಚೆ ಇರಲಿ, ಪೇರಿಂಗ್ ಚಾಕುವಿಗೆ ನಾನು ಇದನ್ನು ಒಪ್ಪುವುದಿಲ್ಲ. ಫೋರ್ಜ್ ಮಾಡಿದ್ದರಲ್ಲಿ ಸಾಮಾನ್ಯವಾಗಿ ಹಿಡಿಕೆಗೂ ಅಲಗಿಗೂ ನಡುವೆ ಬೋಲ್‌ಸ್ಟರ್ ಎಂಬ ದಪ್ಪ ಗಂಟು ಇರುತ್ತದೆ; ಅದು ಬಾಯಿಯವರೆಗೂ ಇಳಿದಿದ್ದರೆ ಬುಡದ ಭಾಗ ಕಲ್ಲಿಗೆ ಸರಿಯಾಗಿ ಕೂಡುವುದೇ ಇಲ್ಲ. ಹಾಳೆಯ ಚಾಕು ಹಗುರ, ತೆಳು, ಬೆಲೆಯೂ ಕಡಿಮೆ.

ಇನ್ನು ಉಕ್ಕು. ಕನಿಷ್ಠ 10.5 ಶೇಕಡಾ ಕ್ರೋಮಿಯಂ ಇದ್ದರೆ ಸ್ಟೇನ್‌ಲೆಸ್. ಜರ್ಮನ್, ಸ್ವಿಸ್ ಅಡುಗೆ ಚಾಕುಗಳಲ್ಲಿ ಬಹಳ ಕಾಣುವುದು ಎಕ್ಸ್50ಸಿಆರ್‌ಎಂಒವಿ15. ಹೆಸರೇ ಪಾಕಪಟ್ಟಿ: 50 ಅಂದರೆ 0.50 ಶೇಕಡಾ ಇಂಗಾಲ, 15 ಅಂದರೆ 15 ಶೇಕಡಾ ಕ್ರೋಮಿಯಂ, ನಡುವೆ ಸ್ವಲ್ಪ ಮಾಲಿಬ್ಡಿನಮ್, ವೆನೇಡಿಯಂ. ಗಡಸುತನ ರಾಕ್‌ವೆಲ್ ಸಿ ಅಳತೆಯಲ್ಲಿ ಸುಮಾರು 55ರಿಂದ 57. ಜಪಾನಿ ಚಾಕುಗಳು ಎಷ್ಟೋ 60 ದಾಟುತ್ತವೆ. ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ತಿರುಚಿದರೆ ಬಾಯಿ ಚಕ್ಕೆ ಏಳುತ್ತದೆ. ಆಲೂಗಡ್ಡೆ ಕಣ್ಣು ಕೀಳುವಾಗ ತಿರುಚದೆ ಇರಲಾಗುವುದಿಲ್ಲ, ಹಾಗಾಗಿ ಕಲಿಯುವವರಿಗೆ 56ರ ಉಕ್ಕೇ ವಾಸಿ. ಸಿರಾಮಿಕ್ ಚಾಕು ಬೀಳಿಸಿದರೆ ಮುರಿಯುತ್ತದೆ, ಮಸೆಯಲು ವಜ್ರದ ಕಲ್ಲು ಬೇಕು. ಹಾಸ್ಟೆಲಿನಲ್ಲಿರುವವರಿಗೆ ಅದು ಬೇಡವೇ ಬೇಡ.

ಕಂಬಾರರು ಮಾಡಿಕೊಡುವ ಕಬ್ಬಿಣದ ಚಾಕುವನ್ನು, ಅಂದರೆ ಕಾರ್ಬನ್ ಉಕ್ಕಿನದನ್ನು, ಮನೆಯಲ್ಲಿ ಇಷ್ಟಪಡುವವರಿದ್ದಾರೆ. ಅದು ಸುಲಭವಾಗಿ ಹರಿತವಾಗುತ್ತದೆ. ಆದರೆ ಮಾವಿನಕಾಯಿ, ಬದನೆಕಾಯಿ ಕೊಯ್ದರೆ ಅವುಗಳ ಒಗರಿನ ಟ್ಯಾನಿನ್ ಅಂಶ ಕಬ್ಬಿಣದ ಜೊತೆ ಸೇರಿ ಅಲಗೂ ಕಪ್ಪು, ಹೋಳೂ ಕಪ್ಪು. ಪ್ರಾಕ್ಟಿಕಲ್ ಪರೀಕ್ಷೆಯ ತಟ್ಟೆಯಲ್ಲಿ ಅದಕ್ಕೆ ಅಂಕ ಹೋಗುತ್ತದೆ.

ಹಿಡಿಕೆಯ ಬಗ್ಗೆ ಒಂದೇ ಮಾತು: ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ, ಜಾರಿದರೆ ಬಿಡಿ.

ಬಾಯಿ ಎಲ್ಲಿ ಹಾಳಾಗುತ್ತದೆ

ತರಕಾರಿ ಕೊಯ್ದು ಚಾಕು ಮೊಂಡಾಗುವುದು ಬಹಳ ನಿಧಾನ. ತರಕಾರಿ ದಾಟಿದ ಮೇಲೆ ಕೆಳಗೆ ಏನು ತಾಗುತ್ತದೆ ಎಂಬುದೇ ಲೆಕ್ಕ. ನಮ್ಮ ಕಡೆ ಅಡುಗೆ ಕಟ್ಟೆ ಎಂದರೆ ಕಡಪ ಕಲ್ಲು, ಇಲ್ಲವೆ ಗ್ರಾನೈಟ್. ನಿಂಬೆಹಣ್ಣನ್ನು ಕಟ್ಟೆಯ ಮೇಲೇ ಇಟ್ಟು "ಒಂದು ಹೋಳಷ್ಟೇ" ಎಂದು ಕೊಯ್ಯುತ್ತೇವೆ. ಸ್ಟೀಲ್ ತಾಟಿನಲ್ಲಿ ಸೌತೆಕಾಯಿ ಹೆಚ್ಚುವುದೂ ಅದೇ ಪಾಪ. ಕಟ್ಟಿಗೆ ಅಥವಾ ಪ್ಲಾಸ್ಟಿಕ್ ಹಲಗೆ ಬಿಟ್ಟು ಬೇರೆಲ್ಲೂ ಬಾಯಿ ಊರಬಾರದು. ಹೋಳುಗಳನ್ನು ಬದಿಗೆ ತಳ್ಳುವಾಗ ಬಾಯಿಯಿಂದ ಕೆರೆಯದೆ ಚಾಕು ತಿರುಗಿಸಿ ಬೆನ್ನಿನಿಂದ ತಳ್ಳಿ.

ಎರಡನೆಯದು ಮಣ್ಣು, ಇದನ್ನು ಯಾರೂ ಗಮನಿಸುವುದಿಲ್ಲ. ಗಜ್ಜರಿ, ಮೂಲಂಗಿ, ಆಲೂಗಡ್ಡೆಗೆ ಹತ್ತಿದ ಮಣ್ಣಿನಲ್ಲಿ ಸಣ್ಣ ಮರಳಿರುತ್ತದೆ. ಮರಳಿನ ಕ್ವಾರ್ಟ್ಜ್ ಚಾಕುವಿನ ಉಕ್ಕಿಗಿಂತ ಗಡಸು. ತೊಳೆಯದೆ ಸಿಪ್ಪೆ ತೆಗೆದರೆ ಮರಳ ಕಾಗದದ ಮೇಲೆ ಬಾಯಿ ಉಜ್ಜಿದಂತೆ. ಮೊದಲು ತೊಳೆದು ಆಮೇಲೆ ಸಿಪ್ಪೆ. ಬೇಕಿದ್ದರೆ ಮತ್ತೊಮ್ಮೆ ತೊಳೆಯಿರಿ.

ಮೂರನೆಯದು ಮುಸುರೆ. ಸಿಂಕಿನಲ್ಲಿ ಪಾತ್ರೆಗಳ ನಡುವೆ ಬಿಟ್ಟ ಚಾಕುವಿಗೆ ಬಾಯಿ ಬಡಿಯುತ್ತದೆ, ತೊಳೆಯುವವರ ಕೈಗೂ ಅಪಾಯ. ಸ್ಟೇನ್‌ಲೆಸ್ ಎಂದು ನಿಶ್ಚಿಂತರಾಗಬೇಡಿ. ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪದರ ತುಕ್ಕು ತಡೆಯುತ್ತದೆ ನಿಜ, ಆದರೆ ಉಪ್ಪಿನ ಕ್ಲೋರೈಡ್ ಅದನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಉಪ್ಪಿನಕಾಯಿಗೆಂದು ನಿಂಬೆಹಣ್ಣು ಹೆಚ್ಚಿ, ಉಪ್ಪು ಹತ್ತಿದ ಚಾಕುವನ್ನು ರಾತ್ರಿಯೆಲ್ಲ ಬಿಟ್ಟರೆ ಬೆಳಗ್ಗೆ ಸೂಜಿ ಚುಚ್ಚಿದಂಥ ಕಂದು ಚುಕ್ಕೆಗಳು ಕಾಣಬಹುದು. ಕೆಲಸ ಮುಗಿದ ಕೂಡಲೇ ಮೆತ್ತನೆಯ ಸ್ಕ್ರಬ್ಬಿನಿಂದ ತೊಳೆದು, ಬೆನ್ನಿನ ಕಡೆಯಿಂದ ಬಟ್ಟೆ ಹಿಡಿದು ಒರೆಸಿ. ಒರೆಸದಿದ್ದರೆ ಬೋರ್‌ವೆಲ್ ನೀರಿನ ಬಿಳಿ ಕಲೆ ಬೇರೆ. ಡ್ರಾಯರಿನಲ್ಲಿ ಚಮಚಗಳ ಜೊತೆ ಇಡಬೇಡಿ. ದಪ್ಪ ರಟ್ಟನ್ನು ಮಡಚಿ ಟೇಪ್ ಹಾಕಿದರೆ ಕವಚ ಸಿದ್ಧ.

ಮಸೆಯುವುದು

ಮೊದಲು ಪರೀಕ್ಷೆ. ಬಾಯಿಯನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಹರಿತವಾದ ಬಾಯಿ ಬೆಳಕು ಹೊಳೆಸುವುದಿಲ್ಲ. ಎಲ್ಲಿ ಬಿಳಿ ಗೆರೆ ಅಥವಾ ಚುಕ್ಕೆ ಮಿಂಚುತ್ತದೋ ಅಲ್ಲಿ ಮೊಂಡಾಗಿದೆ.

ಮಸೆಗಲ್ಲು 1000 ಗ್ರಿಟ್ (ಈ ಅಂಕಿ ಹೆಚ್ಚಿದಷ್ಟೂ ಕಲ್ಲು ನಯ) ಇದ್ದರೆ ನಿತ್ಯದ ಕೆಲಸಕ್ಕೆ ಸಾಕು. ಬಾಯಿ ತೀರಾ ಹಾಳಾಗಿದ್ದರೆ 400ರಿಂದ ಶುರು, ನಯ ಬೇಕಿದ್ದರೆ 3000ಕ್ಕೆ ಮುಗಿಸಿ. ಕೋನ ಪ್ರತಿ ಬದಿಗೆ 15ರಿಂದ 20 ಡಿಗ್ರಿ. ಡಿಗ್ರಿ ಕಣ್ಣಿಗೆ ಕಾಣುವುದಿಲ್ಲ ಎನ್ನುವವರಿಗೆ ಲೆಕ್ಕ ಇದೆ: ಅಲಗಿನ ಅಗಲ 20 ಮಿ.ಮೀ. ಇದ್ದರೆ, ಬೆನ್ನನ್ನು ಕಲ್ಲಿನಿಂದ 5 ಮಿ.ಮೀ. ಎತ್ತಿದಾಗ ಸುಮಾರು 15 ಡಿಗ್ರಿ, 7 ಮಿ.ಮೀ. ಎತ್ತಿದಾಗ ಸುಮಾರು 20. ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಸ್ಕೇಲಿನಿಂದ ಅಳೆದುಕೊಂಡು, ಅದರ ಮೇಲೆ ಬೆನ್ನು ಒರಗಿಸಿ ನೋಡಿ, ಕೈಗೆ ಆ ಎತ್ತರ ನೆನಪಾದ ಮೇಲೆ ನಾಣ್ಯ ತೆಗೆಯಿರಿ.

ಒಂದು ಬದಿಯನ್ನು ಬುಡದಿಂದ ತುದಿಯವರೆಗೆ ಒಂದೇ ಕೋನದಲ್ಲಿ ಉಜ್ಜುತ್ತಾ ಹೋದರೆ ಎದುರು ಬದಿಯಲ್ಲಿ ಸಣ್ಣ ರವೆಯಂಥ ಗೀರು ಏಳುತ್ತದೆ, ಅದೇ ಬರ್. ಬೆನ್ನಿನಿಂದ ಬಾಯಿಯ ಕಡೆಗೆ ಬೆರಳು ಸವರಿ, ಅಂಚಿನಾಚೆ ಜಾರಿಸಿದರೆ ಉಗುರಿಗೆ ಕೊಕ್ಕೆಯಂತೆ ತಗಲುತ್ತದೆ. ಬಾಯಿಯುದ್ದಕ್ಕೂ ಬರ್ ಏಳುವವರೆಗೆ ಬದಿ ಬದಲಿಸಬೇಡಿ. ಬಹಳ ಜನ ಎಣಿಸಿಕೊಂಡು ಹತ್ತು ಸಲ ಈ ಕಡೆ, ಹತ್ತು ಸಲ ಆ ಕಡೆ ಉಜ್ಜಿ, "ಕಲ್ಲು ಸರಿಯಿಲ್ಲ" ಎನ್ನುತ್ತಾರೆ. ಎರಡೂ ಬದಿ ಆದ ಮೇಲೆ ಭಾರ ಹಾಕದೆ ಬದಿ ಬದಲಿಸುತ್ತಾ ಹಗುರವಾಗಿ ಎಳೆದು ಬರ್ ಕಳೆಯಿರಿ. ಹೋನಿಂಗ್ ರಾಡು ಬೇರೆ ಕೆಲಸದ್ದು: ಉಕ್ಕಿನ ರಾಡು ಬಗ್ಗಿದ ಬಾಯಿಯನ್ನು ನೆಟ್ಟಗೆ ಮಾಡುತ್ತದೆ, ಹೋದ ಹರಿತವನ್ನು ಮರಳಿ ತರುವುದಿಲ್ಲ.

ಸಾಣೆ ಹಿಡಿಯುವವರ ಹತ್ತಿರ ಕೊಟ್ಟರೆ ತಪ್ಪಿಲ್ಲ, ನೋಡುತ್ತಾ ನಿಲ್ಲಿ. ಒಣ ಚಕ್ರಕ್ಕೆ ತೆಳು ಅಲಗನ್ನು ಒತ್ತಿ ಹಿಡಿದರೆ ಕ್ಷಣದಲ್ಲಿ ಕಾಯುತ್ತದೆ. ಕಾರ್ಬನ್ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಹುಲ್ಲಿನ ಹಳದಿ ಬಣ್ಣಕ್ಕೂ 300ರ ಹತ್ತಿರ ನೀಲಿಗೂ ತಿರುಗುತ್ತದೆ. ನೀಲಿ ಕಂಡರೆ ಅಲ್ಲಿ ಹದ ಹೋಗಿ ಉಕ್ಕು ಮೆತ್ತಗಾಗಿದೆ ಎಂದರ್ಥ. "ಕಾಕಾ, ನಡುನಡುವೆ ನೀರಾಗ ಅದ್ದಿ ಹಿಡೀರಿ, ಬಾಯಿ ಸುಟ್ಟೀತು" ಎಂದು ಮೊದಲೇ ಹೇಳಿ. ಬೇಸರ ಮಾಡಿಕೊಳ್ಳುವವರು ಕಡಿಮೆ.

ತುದಿ ಮುರಿದ ಚಾಕುವನ್ನು ಎಸೆಯಬೇಡಿ. ಬಾಯಿಯ ಕಡೆಯಿಂದ ಸವೆಸಿ ತುದಿ ತರಲು ಹೋದರೆ ಬಾಯಿಯ ಗೆರೆಯೇ ಕೆಡುತ್ತದೆ. ಬೆನ್ನಿನ ಕಡೆಯಿಂದ ಒರಟು ಕಲ್ಲಿನ ಮೇಲೆ, ನೀರು ಹಾಕುತ್ತಾ, ಬೆನ್ನು ಇಳಿದು ಬಾಯಿಯನ್ನು ಸೇರುವವರೆಗೆ ಸವೆಸಿ. ಅಲಗು ಅರ್ಧ ಸೆಂಟಿಮೀಟರ್ ಗಿಡ್ಡವಾಗಿ ಶೀಪ್ಸ್ ಫೂಟ್ ಆಕಾರಕ್ಕೆ ಬರುತ್ತದೆ, ಶುಂಠಿ ಸಿಪ್ಪೆ ಕೆರೆಯಲು, ಬೆಳ್ಳುಳ್ಳಿ ಸುಲಿಯಲು ಅದೇ ಹೆಚ್ಚು ಅನುಕೂಲ.