ಪ್ರಾಜೆಕ್ಟ್ ನಾಲ್ವರದು, ಕೋಡ್ ನನ್ನದು: ಅಂಕ ಎಲ್ಲರಿಗೂ ಒಂದೇನಾ?

ಪ್ರಶ್ನೆ: ನಮ್ಮದು ನಾಲ್ವರ ಬ್ಯಾಚ್. ಕಾಫಿ ತೋಟದ ಮಳೆ ಲೆಕ್ಕ ಇಡುವ ಆ್ಯಪ್ ಮಾಡುತ್ತಿದ್ದೇವೆ. ಕೋಡ್ ಹೆಚ್ಚುಕಡಿಮೆ ನಾನೊಬ್ಬಳೇ ಬರೆದಿದ್ದೇನೆ. ಕೊನೆಗೆ ನಾಲ್ವರಿಗೂ ಒಂದೇ ಅಂಕ ಹಾಕಿಬಿಡುತ್ತಾರಾ?
— ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿನಿ, ಗೋಣಿಕೊಪ್ಪಲು

ಉತ್ತರ: ಆಂತರಿಕ ಅಂಕದಲ್ಲಿ ಅರ್ಧ ಎಲ್ಲರಿಗೂ ಒಂದೇ, ಇನ್ನರ್ಧ ಬೇರೆ ಬೇರೆ. ಪೊನ್ನಂಪೇಟೆಯ ಸಿಐಟಿ (ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ), ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಎರಡೂ ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದವು. ವಿಟಿಯು ಪಠ್ಯಕ್ರಮದ ಪ್ರಕಾರ ಪ್ರಾಜೆಕ್ಟ್‌ನ ಆಂತರಿಕ ಅಂಕವನ್ನು ರಿಪೋರ್ಟ್, ಪ್ರೆಸೆಂಟೇಷನ್, ಪ್ರಶ್ನೋತ್ತರಗಳಿಗೆ 50:25:25ರಂತೆ ಹಂಚುತ್ತಾರೆ. ರಿಪೋರ್ಟಿನ ಅಂಕ ಬ್ಯಾಚಿನ ಎಲ್ಲರಿಗೂ ಒಂದೇ ಇರಬೇಕು ಎಂದು ಅದರಲ್ಲೇ ಹೇಳಿದೆ. ಅಂಕ ಹಾಕುವುದು ವಿಭಾಗದ ಮುಖ್ಯಸ್ಥರು ಮತ್ತು ಇಬ್ಬರು ಹಿರಿಯ ಅಧ್ಯಾಪಕರಿರುವ ಸಮಿತಿ. ಆ ಇಬ್ಬರಲ್ಲಿ ಒಬ್ಬರು ನಿಮ್ಮ ಗೈಡ್. ಬಿಸಿಎ, ಎಂಸಿಎ ಓದುವವರು ತಮ್ಮ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಪ್ರಾಜೆಕ್ಟ್ ಪುಟವನ್ನೇ ನೋಡಿಕೊಳ್ಳಬೇಕು.

ಉದಾಹರಣೆಗೆ, ರಿಪೋರ್ಟಿಗೆ 50ರಲ್ಲಿ 40 ಬಂತು ಅಂದುಕೊಳ್ಳಿ. ಅದು ನಾಲ್ವರಿಗೂ ಸಿಗುತ್ತದೆ. ಪ್ರೆಸೆಂಟೇಷನ್ ಮತ್ತು ಪ್ರಶ್ನೋತ್ತರದಲ್ಲಿ ಒಬ್ಬರು 22 ಮತ್ತು 23, ಇನ್ನೊಬ್ಬರು 12 ಮತ್ತು 8 ಪಡೆದರೆ ಮೊತ್ತ 85 ಮತ್ತು 60. ಒಂದೇ ಬ್ಯಾಚಿನಲ್ಲಿ 25 ಅಂಕದ ಅಂತರ.

ಆದರೆ ಒಂದು ವಿಷಯ ಗಮನಿಸಿ. ಈ ಮೂರು ಭಾಗಗಳಲ್ಲಿ ಯಾವುದೂ 'ಕೋಡ್ ಬರೆದದ್ದು ಯಾರು' ಎಂದು ನೇರವಾಗಿ ಕೇಳುವುದಿಲ್ಲ. ಹಾಗಾಗಿ ರಾತ್ರಿಯಿಡೀ ಕೂತು ಕೋಡ್ ಬರೆದವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಲೆ ತಗ್ಗಿಸಿ ನಿಂತು, ಸ್ಲೈಡ್ ಮಾಡಿದವರು ಪಟಪಟನೆ ಮಾತಾಡಿ ಹೆಚ್ಚು ಅಂಕ ತೆಗೆಯುವುದೂ ಉಂಟು. ಇದು ನಮಗೆ ನಿಜಕ್ಕೂ ಬೇಸರದ ಸಂಗತಿ. ನಿಮ್ಮ ಕೆಲಸ ನಿಮ್ಮ ಬಾಯಲ್ಲೇ ಬರಬೇಕು.

ನಿಮ್ಮ ಆ್ಯಪನ್ನೇ ತೆಗೆದುಕೊಳ್ಳಿ. ಕೊಡಗಿನಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. '2 ಇಂಚು 5 ಸೆಂಟು' ಎಂಬುದನ್ನು ಯಾರಾದರೂ 2.5 ಎಂದು ಒತ್ತಿದರೆ ಏನಾಗುತ್ತದೆ? ಸರಿಯಾದ ಸಂಖ್ಯೆ 2.05. ಒಂದೇ ದಿನದ ಲೆಕ್ಕದಲ್ಲಿ 11.43 ಮಿಲಿಮೀಟರ್ ತಪ್ಪು. ಇಂಚಿಗೊಂದು, ಸೆಂಟಿಗೊಂದು ಬೇರೆ ಖಾನೆ ಏಕೆ ಇಟ್ಟಿರಿ, 99ಕ್ಕಿಂತ ಹೆಚ್ಚು ಸೆಂಟು ಹಾಕಿದರೆ ಹೇಗೆ ತಡೆದಿರಿ, ಡೇಟಾಬೇಸಿನಲ್ಲಿ ಯಾವ ಅಳತೆಯಲ್ಲಿ ಉಳಿಸಿದಿರಿ? ಇಂಥ ಪ್ರಶ್ನೆಗೆ ಕೆಲಸ ಮಾಡಿದವರು ಮಾತ್ರ ತಡವರಿಸದೆ ಉತ್ತರಿಸಬಲ್ಲರು. ಹೀಗೆ ನೀವೇ ಎದುರಿಸಿ ಬಿಡಿಸಿದ ಮೂರ್ನಾಲ್ಕು ತೊಡಕುಗಳನ್ನು ಪ್ರೆಸೆಂಟೇಷನ್ನಿನ ನಿಮ್ಮ ಪಾಲಿನಲ್ಲೇ ಹೇಳಿ. ಪರೀಕ್ಷಕರ ಮುಂದಿನ ಪ್ರಶ್ನೆಗಳು ಸಾಮಾನ್ಯವಾಗಿ ಅಲ್ಲಿಂದಲೇ ಹುಟ್ಟುತ್ತವೆ.

ಇನ್ನು ಪುರಾವೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನ ಬಳಸುತ್ತಿದ್ದರೆ ಯಾರು ಯಾವತ್ತು ಏನು ಬದಲಿಸಿದರು ಎಂಬುದು ಅದರಲ್ಲೇ ದಾಖಲಾಗುತ್ತದೆ. ಆದರೆ ಅದೂ ಮೋಸಹೋಗುತ್ತದೆ. ಲ್ಯಾಪ್‌ಟಾಪಿನ ಗಿಟ್ ಸೆಟ್ಟಿಂಗಿನಲ್ಲಿ ಹಾಕಿದ ಇಮೇಲ್ ನಿಮ್ಮ ಗಿಟ್‌ಹಬ್ (ಗಿಟ್ ಕೋಡನ್ನು ಆನ್‌ಲೈನಿನಲ್ಲಿ ಇಡುವ ತಾಣ) ಖಾತೆಯಲ್ಲಿ ಇಲ್ಲದಿದ್ದರೆ ನಿಮ್ಮ ಕಮಿಟ್ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ) ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಮುಖ್ಯ ಬ್ರಾಂಚಿಗೆ (ಕೋಡಿನ ಮುಖ್ಯ ಪ್ರತಿಗೆ) ಸೇರಿಸದೆ ಬಿಟ್ಟ ಕೆಲಸ ಗಿಟ್‌ಹಬ್‌ನ ಕೊಡುಗೆದಾರರ ನಕ್ಷೆಯಲ್ಲಿ ಕಾಣುವುದಿಲ್ಲ. ಗೆಳೆಯರ ಲ್ಯಾಪ್‌ಟಾಪಿನಲ್ಲಿ ಕೂತು ಬರೆದದ್ದು ಅವರ ಹೆಸರಿಗೇ ಹೋಗುತ್ತದೆ. ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಫೋಲ್ಡರನ್ನು ಹಾಗೇ ಅಪ್‌ಲೋಡ್ ಮಾಡಿದವರ ಹೆಸರಿನಲ್ಲಿ ಸಾವಿರಾರು ಸಾಲು ಕಾಣುತ್ತದೆ. ಅದರಲ್ಲಿ ಅವರು ಬರೆದದ್ದು ಒಂದೂ ಇರದಿರಬಹುದು. ಆದ್ದರಿಂದ ಸಾಲಿನ ಎಣಿಕೆ ಹಿಡಿದು ಗೈಡ್ ಹತ್ತಿರ ವಾದಕ್ಕೆ ಹೋಗಬೇಡಿ.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಹೋಗಿ ಕೆಲಸ ದಾಖಲಾಗಲಿಲ್ಲ ಎಂದು ಚಿಂತಿಸುವುದೂ ಬೇಡ. ಕಮಿಟ್ ಮಾಡಲು ಇಂಟರ್‌ನೆಟ್ ಬೇಕಿಲ್ಲ, ಅದನ್ನು ಆನ್‌ಲೈನಿಗೆ ಕಳಿಸಲು, ಅಂದರೆ ಪುಶ್ ಮಾಡಲು ಮಾತ್ರ ಬೇಕು. ವಾರ ಬಿಟ್ಟು ಪುಶ್ ಮಾಡಿದರೂ ಕಮಿಟ್ ಮಾಡಿದ ದಿನಾಂಕವೇ ಉಳಿಯುತ್ತದೆ.

ತಂಡದಲ್ಲಿ ಯಾರ ಪಾಲು ಎಷ್ಟು ಎಂದು ಅಳೆಯಲು ಬೇರೆ ಕಡೆ ಬೇರೆ ದಾರಿಯೂ ಇದೆ. ಇಂಗ್ಲೆಂಡಿನ ಲಫ್‌ಬರೊ ವಿಶ್ವವಿದ್ಯಾಲಯದಲ್ಲಿ ಬೆಳೆದ ವೆಬ್‌ಪಿಎ ಎಂಬ ಕ್ರಮದಲ್ಲಿ ತಂಡದವರೇ ಒಬ್ಬರಿಗೊಬ್ಬರು ಅಂಕ ಕೊಡುತ್ತಾರೆ. ಅದರಿಂದ ಬರುವ ಗುಣಾಂಕ ಒಬ್ಬರಿಗೆ 1.2, ಇನ್ನೊಬ್ಬರಿಗೆ 0.8 ಆದರೆ, ತಂಡದ 40 ಅಂಕ ಅವರಿಗೆ 48 ಮತ್ತು 32 ಆಗುತ್ತದೆ. ಸ್ನೇಹಕ್ಕೆ ಕಟ್ಟುಬಿದ್ದು ಎಲ್ಲರೂ ಸಮ ಅಂಕ ಕೊಟ್ಟರೆ ಎಲ್ಲರದೂ 1. ಲೆಕ್ಕ ಹಾಕಿಯೂ ವ್ಯರ್ಥ. ವಿಟಿಯು ಹೇಳುವ ಮೂರು ಭಾಗಗಳಲ್ಲಿ ಇದು ಇಲ್ಲ.

ನಿಮ್ಮ ದೂರನ್ನು ವೈವಾ ದಿನ ಎತ್ತಬೇಡಿ. ಆ ಹೊತ್ತಿಗೆ ಗೈಡ್ ಏನೂ ಸರಿಪಡಿಸಲಾರರು, ಎಕ್ಸ್‌ಟರ್ನಲ್ (ಹೊರಗಿನಿಂದ ಬರುವ ಪರೀಕ್ಷಕರು) ಎದುರು ಬ್ಯಾಚೇ ಹಗುರವಾಗುತ್ತದೆ. ಮುಂದಿನ ರಿವ್ಯೂಗೆ ಮೊದಲೇ, 'ಲಾಗಿನ್ ನನ್ನದು, ವರದಿ ಪುಟ ಅವರದು, ಅದು ಇನ್ನೂ ಶುರುವಾಗಿಲ್ಲ' ಎಂಬಂತೆ, ಯಾರ ಪಾಲಿಗೆ ಏನು, ಎಷ್ಟಾಗಿದೆ ಎಂದು ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಿ ಗೈಡ್‌ಗೆ ಕೊಡಿ. ಸಹಿ ಹಾಕಲು ಯಾರಾದರೂ ಹಿಂಜರಿದರೆ, ಹಾಳೆಯನ್ನು ಹಾಗೆಯೇ ಗೈಡ್‌ಗೆ ತೋರಿಸಿ, ಆ ಕೆಲಸವನ್ನು ಯಾರು ಮಾಡಬೇಕು ಎಂದು ಅವರಿಂದಲೇ ತೀರ್ಮಾನ ಮಾಡಿಸಿಕೊಳ್ಳಿ.