ವೀಲ್‌ಚೇರ್ ಎಲ್ಲಿದೆ? ಆಸ್ಪತ್ರೆಯಲ್ಲಿ ಆರ್‌ಎಫ್‌ಐಡಿ ಬಗ್ಗೆ ನನ್ನ ಟಿಪ್ಪಣಿ

ಕಳೆದ ಮಳೆಗಾಲದಲ್ಲಿ ಅಜ್ಜಿಯನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆತಂದಾಗ, ವೀಲ್‌ಚೇರ್‌ಗಾಗಿ ಮುಕ್ಕಾಲು ಗಂಟೆ ಬಾಗಿಲಲ್ಲೇ ಕಾದೆವು. ಆಮೇಲೆ ಒಳಗೆ ಹೋಗಿ ನೋಡಿದರೆ ಎಕ್ಸ್‌ರೇ ಕೋಣೆಯಲ್ಲಿ ಮೂರು ಖಾಲಿ ನಿಂತಿದ್ದವು. ಆರ್‌ಎಫ್‌ಐಡಿ, ಅಂದರೆ ರೇಡಿಯೊ ಅಲೆಯಿಂದ ವಸ್ತುವನ್ನು ಗುರುತಿಸುವ ವಿಧಾನದ ಬಗ್ಗೆ ಪಾಠ ಓದುವಾಗ ಮೊದಲು ನೆನಪಾಗಿದ್ದೇ ಅದು.

ಇದರಲ್ಲಿ ವಸ್ತುವಿಗೆ ಅಂಟಿಸುವುದು ಟ್ಯಾಗ್, ಅದನ್ನು ಓದುವ ಯಂತ್ರ ರೀಡರ್. ಟ್ಯಾಗ್ ಅಂದರೆ ಒಂದು ಚಿಪ್, ಒಂದು ಆಂಟೆನಾ. ಟೋಲ್‌ನಲ್ಲಿ ಬಳಸುವ ಫಾಸ್ಟ್ಯಾಗ್ ಕೂಡ ಇದೇ ಜಾತಿ. ಅದರಲ್ಲಿ ಬ್ಯಾಟರಿ ಇಲ್ಲ; ರೀಡರ್ ಬಿಡುವ ರೇಡಿಯೊ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರನ್ನು ವಾಪಸ್ ಹೇಳುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್ ಆವರ್ತನ ಬಳಸುತ್ತಾರೆ, ಕೆಲವು ಮೀಟರ್ ದೂರದಿಂದ ಓದಬಹುದು. 13.56 ಮೆಗಾಹರ್ಟ್ಸ್‌ನ ಟ್ಯಾಗ್ ಆದರೆ ಹತ್ತಿರ ಹಿಡಿಯಬೇಕು. ಬ್ಯಾಟರಿ ಇರುವವು ಇನ್ನೂ ದೂರದಿಂದ ಸಿಗುತ್ತವೆ, ಬೆಲೆಯೂ ಜಾಸ್ತಿ.

ಈಗ ಮುಖ್ಯ ವಿಷಯಕ್ಕೆ ಬನ್ನಿ, ಇದನ್ನು ನಿಧಾನವಾಗಿ ಓದಿ. ರೀಡರ್ ಹೇಳುವುದು ಇಷ್ಟೇ: ಈ ನಂಬರ್, ಈ ಬಾಗಿಲಲ್ಲಿ, ಈ ಹೊತ್ತಿಗೆ ಕಂಡಿತು. ಉಳಿದದ್ದೆಲ್ಲ ನಾವು ಲೆಕ್ಕ ಹಾಕಿ ತಿಳಿಯಬೇಕು. ರೋಗಿಯ ಕೈಪಟ್ಟಿಯಲ್ಲಿ ಟ್ಯಾಗ್ ಇದೆ ಅಂದುಕೊಳ್ಳಿ. ಎಕ್ಸ್‌ರೇ ವಿಭಾಗಕ್ಕೆ 10.05ಕ್ಕೆ ಒಳಗೆ, 10.55ಕ್ಕೆ ಹೊರಗೆ. 50 ನಿಮಿಷ ಆಯಿತು ಅಂತ ಗೊತ್ತಾಯಿತು, ಆದರೆ ಬೆಂಚಿನಲ್ಲಿ ಕಾದದ್ದೆಷ್ಟು, ಯಂತ್ರದ ಮುಂದೆ ಇದ್ದದ್ದೆಷ್ಟು? ಯಂತ್ರವಿರುವ ಕೋಣೆಯ ಬಾಗಿಲಿಗೆ ಇನ್ನೊಂದು ರೀಡರ್ ಹಾಕಿದರೆ ಮಾತ್ರ ಅದು ಬಿಡಿಬಿಡಿಯಾಗಿ ಸಿಗುತ್ತದೆ, ಆಗಲೇ ಅಲ್ಲಿ ಬೇಕಿರುವುದು ಇನ್ನೊಂದು ಯಂತ್ರವೋ, ಟೋಕನ್ ಕೊಡಲು ಇನ್ನೊಬ್ಬರೋ ಅಂತ ತೀರ್ಮಾನಿಸಬಹುದು. ಹಾಗಾಗಿ ರೀಡರ್ ಕೊಳ್ಳುವ ಮೊದಲು ಪ್ರಶ್ನೆ ಬರೆದುಕೊಳ್ಳಬೇಕು, ಅಲ್ವಾ?

ನೀರು ಈ ಅಲೆಯನ್ನು ಹೀರುತ್ತದೆ, ಲೋಹ ತಿರುಗಿಸಿ ಕಳಿಸುತ್ತದೆ. ನಮ್ಮ ಮೈಯಲ್ಲಿ ಇರುವುದು ಹೆಚ್ಚಾಗಿ ನೀರೇ, ಕೈ ಮೈಯಡಿ ಸಿಕ್ಕಿಕೊಂಡರೆ ಟ್ಯಾಗ್ ಕಾಣುವುದಿಲ್ಲ. ಮಳೆಯಲ್ಲಿ ನೆಂದ ಕಂಬಳಿ ಹೊದ್ದು ಬಂದವರಿಗೂ ಇದೇ ತೊಂದರೆ ಆಗಬಹುದು. ಆಕ್ಸಿಜನ್ ಸಿಲಿಂಡರ್‌ಗೆ ಲೋಹದ ಮೇಲೆ ಅಂಟಿಸಲೆಂದೇ ಮಾಡಿದ ಟ್ಯಾಗ್ ಬೇಕು.

ಐಸಿಯು ವಿಷಯದಲ್ಲಿ ಮಾತ್ರ ಸುಮ್ನೆ ಹಾಕಿಬಿಡಬೇಡಿ. 2008ರಲ್ಲಿ ಪ್ರಕಟವಾದ ಆಮ್ಸ್ಟರ್‌ಡ್ಯಾಮ್‌ನ ಅಧ್ಯಯನದಲ್ಲಿ 41 ವೈದ್ಯಕೀಯ ಉಪಕರಣಗಳ ಪಕ್ಕ ಆರ್‌ಎಫ್‌ಐಡಿ ಇಟ್ಟು, ರೋಗಿಗಳನ್ನು ಜೋಡಿಸದೆ, 123 ಪರೀಕ್ಷೆ ಮಾಡಿದ್ದರು. 34 ಸಲ ಉಪಕರಣದ ಕೆಲಸಕ್ಕೆ ಅಡಚಣೆ ಆಯಿತು, ಅದರಲ್ಲಿ 22 ಅಪಾಯದ ಮಟ್ಟದವು. ಹಾಗಾಗಿ ಐಸಿಯುವಿನ ಪ್ರತಿ ಯಂತ್ರದ ಪಕ್ಕ ಮೊದಲೇ ಪರೀಕ್ಷಿಸಬೇಕು.

ವೀಲ್‌ಚೇರ್‌ಗೆ ಬಂದರೆ, ಅದಕ್ಕೊಂದು ಟ್ಯಾಗ್ ಅಂಟಿಸಿ, ಎಕ್ಸ್‌ರೇ ಬಾಗಿಲಿನ ಒಳಬದಿಗೊಂದು ಹೊರಬದಿಗೊಂದು ರೀಡರ್‌ನ ಆಂಟೆನಾ ಹಾಕಿದರೆ ಸಾಕು. ಯಾವುದು ಮೊದಲು ಓದಿತು ಅನ್ನುವುದರಿಂದ ಒಳಗೆ ಹೋಯಿತೋ ಹೊರಗೆ ಬಂತೋ ಗೊತ್ತಾಗುತ್ತದೆ. ಒಳಗೆ ಎಷ್ಟು ಉಳಿದಿವೆ ಅನ್ನುವ ಲೆಕ್ಕ ಮುಂಬಾಗಿಲ ಅಟೆಂಡರ್ ಕಣ್ಣಿಗೆ ಬೀಳಬೇಕು, ಆಫೀಸಿನ ಕಂಪ್ಯೂಟರಿನಲ್ಲಿ ಕೂತರೆ ಪ್ರಯೋಜನವಿಲ್ಲ.